ಅಲ್ಯೂಮಿನಿಯಂ ಶೀಟಿನ ಹದ: ಪ್ರಾಜೆಕ್ಟಿಗೆ ಯಾವುದನ್ನು ಕೇಳಬೇಕು?

ಅಂಗಡಿಗೆ ಹೋಗಿ ಅಲ್ಯೂಮಿನಿಯಂ ಶೀಟ್ ಕೇಳುವಾಗ ನಾವು ಸಾಮಾನ್ಯವಾಗಿ ಉದ್ದ, ಅಗಲ ಮತ್ತು ಗೇಜ್ ಹೇಳುತ್ತೇವೆ. ಸ್ವಲ್ಪ ತಿಳಿದವರಾದರೆ ಮಿಶ್ರಲೋಹದ ನಂಬರನ್ನೂ ಹೇಳುತ್ತಾರೆ. ಆದರೆ ಆ ನಂಬರಿನ ನಂತರ ಒಂದು ಸಣ್ಣ ಗೆರೆ ಇರುತ್ತದೆ. ಗೆರೆಯ ಆಚೆ ಒಂದು ಅಕ್ಷರ, ಕೆಲವೊಮ್ಮೆ ಒಂದೆರಡು ಅಂಕಿ. 6061-ಟಿ6, 5052-ಎಚ್32, 3003-ಓ. ಗೆರೆಯ ಎಡಕ್ಕಿರುವುದು ಲೋಹದಲ್ಲಿ ಏನೇನು ಬೆರೆತಿದೆ ಎಂಬುದನ್ನು ಹೇಳುತ್ತದೆ. ಬಲಕ್ಕಿರುವುದು ಆ ಲೋಹಕ್ಕೆ ಕಾರ್ಖಾನೆಯಲ್ಲಿ ಏನು ಮಾಡಿದ್ದಾರೆ ಎಂಬುದನ್ನು ಹೇಳುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಟೆಂಪರ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ 'ಹದ' ಎಂಬ ಒಳ್ಳೆಯ ಮಾತು ಮೊದಲಿನಿಂದಲೂ ಇದೆ. ಕಮ್ಮಾರ ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದಿದಾಗ ಉಕ್ಕು ಅದೇ, ಹದ ಬೇರೆ.

ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ದ್ವಿತೀಯ ಪಿಯುಸಿಯ ಒಂದು ತಂಡ ಬಿಸಿಲಿನಲ್ಲಿ ಮೀನು ಒಣಗಿಸುವ ಪೆಟ್ಟಿಗೆಯನ್ನು ಮಾಡಿತು. ಅದರ ಕೆಲಸದಲ್ಲಿ ಹದದ ಪ್ರಶ್ನೆ ಚೆನ್ನಾಗಿಯೇ ಎದುರಾಯಿತು. ಮುಂದಿನ ವರ್ಷ ಪ್ರಾಜೆಕ್ಟ್ ಮಾಡುವವರಿಗೆ ಉಪಯೋಗವಾಗಲಿ ಎಂದು ಆ ಅನುಭವವನ್ನು ಆಧಾರವಾಗಿಟ್ಟುಕೊಂಡು ಈ ಪಾಠ ಬರೆಯುತ್ತಿದ್ದೇನೆ. ನಿಮ್ಮ ಭೌತಶಾಸ್ತ್ರದ ಸ್ಟ್ರೆಸ್-ಸ್ಟ್ರೇನ್ ರೇಖೆಯೂ ರಸಾಯನಶಾಸ್ತ್ರದ ದ್ರಾವಣಗಳ ಅಧ್ಯಾಯವೂ ಇದರಲ್ಲಿ ಬರುತ್ತವೆ. ಪರೀಕ್ಷೆಗೆ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಮನೆಯಲ್ಲೇ ಇರುವ ಎರಡು ವಸ್ತುಗಳನ್ನು ಕೈಗೆ ತೆಗೆದುಕೊಳ್ಳಿ. ಒಂದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಇನ್ನೊಂದು, ಒತ್ತಿದರೆ ಮಾತ್ರೆ ಹೊರಬರುವ ಪ್ಲಾಸ್ಟಿಕ್ ಪಟ್ಟಿಯ ಹಿಂಬದಿಯ ಬೆಳ್ಳಿ ಬಣ್ಣದ ಹಾಳೆ. ಎರಡೂ ಅಲ್ಯೂಮಿನಿಯಂ, ಎರಡೂ ಕೂದಲಿಗಿಂತ ತೆಳು. ಚಪಾತಿಯ ಫಾಯಿಲ್ ಹೇಗೆ ಬೇಕಾದರೂ ಮಡಚಿಕೊಳ್ಳುತ್ತದೆ, ಮಡಚಿದ ಹಾಗೆಯೇ ಉಳಿಯುತ್ತದೆ. ಮಾತ್ರೆಯ ಹಾಳೆ ಬೆರಳೊತ್ತಿದರೆ ಹಿಗ್ಗುವುದಿಲ್ಲ, ಟಪ್ಪೆಂದು ಹರಿಯುತ್ತದೆ. ಹರಿಯಬೇಕೆಂದೇ ಅದನ್ನು ಗಡುಸಾಗಿ ಇಟ್ಟಿರುತ್ತಾರೆ. ಮೊದಲಿನದನ್ನು ಕಾಯಿಸಿ ಮೆದುಗೊಳಿಸಿರುತ್ತಾರೆ. ಅದಲು ಬದಲು ಮಾಡಿದರೆ ಎರಡೂ ಕೆಲಸಕ್ಕೆ ಬಾರವು. ಹಾಗಾಗಿ 'ಒಳ್ಳೆಯ ಹದ' ಎಂಬುದೊಂದು ಇಲ್ಲ. ಯಾವ ಕೆಲಸಕ್ಕೆ ಎಂದು ಕೇಳಿಕೊಂಡ ಮೇಲೆಯೇ ಹದದ ಮಾತು.

ಉರುಳೆಯಿಂದ ಬರುವ ಗಡಸುತನ

ಅಲ್ಯೂಮಿನಿಯಂ ಗಡುಸಾಗುವುದು ಎರಡು ದಾರಿಯಲ್ಲಿ. ಯಾವ ಮಿಶ್ರಲೋಹ ಯಾವ ದಾರಿಯದು ಎಂಬುದು ಅದರ ಮೊದಲ ಅಂಕಿಯಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. 1ರಿಂದ ಶುರುವಾಗುವುದು ಶೇಕಡಾ 99ಕ್ಕಿಂತ ಹೆಚ್ಚು ಶುದ್ಧವಾದ ಅಲ್ಯೂಮಿನಿಯಂ. 3ರಲ್ಲಿ ಮ್ಯಾಂಗನೀಸ್, 5ರಲ್ಲಿ ಮೆಗ್ನೀಸಿಯಂ ಮುಖ್ಯ ಬೆರಕೆ. ಈ ಮೂರು ಗುಂಪುಗಳಿಗೆ ಗಡಸುತನ ಬರುವುದು ತಣ್ಣಗಿರುವಾಗ ಉರುಳೆಗಳ ನಡುವೆ ಒತ್ತಿ ತೆಳ್ಳಗೆ ಮಾಡುವುದರಿಂದ.

ಇದರ ಪ್ರಯೋಗಕ್ಕೆ ಒಂದು ತುಂಡು ಅಲ್ಯೂಮಿನಿಯಂ ತಂತಿ ಸಾಕು. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ. ಮೊದಲ ಸಲ ಸುಲಭ, ಮೂರನೇ ಸಲ ಬೆರಳಿಗೆ ಬಿಗಿ, ಆಮೇಲೆ ಮುರಿಯುತ್ತದೆ. ಲೋಹದ ಒಳಗೆ ಪರಮಾಣುಗಳ ಸಾಲು ಎಲ್ಲ ಕಡೆಯೂ ನೇರವಾಗಿರುವುದಿಲ್ಲ. ಅಲ್ಲಲ್ಲಿ ಸಾಲು ತಪ್ಪಿದ ಜಾಗಗಳಿರುತ್ತವೆ. ಇವಕ್ಕೆ ಡಿಸ್‌ಲೊಕೇಶನ್ ಎಂದು ಹೆಸರು. ಸಭಾಂಗಣದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಪೂರ್ತಿ ಎಳೆಯಲು ಹತ್ತು ಮಂದಿ ಬೇಕು. ಆದರೆ ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರೆ ಒಬ್ಬನೇ ಜಮಖಾನವನ್ನು ಅಷ್ಟಷ್ಟಾಗಿ ಸರಿಸಬಲ್ಲ. ಲೋಹ ಬಾಗುವುದು ಹೀಗೆ, ಸುಕ್ಕು ಸರಿದಂತೆ. ಉರುಳೆಯಲ್ಲಿ ಒತ್ತಿದಷ್ಟೂ ಸುಕ್ಕುಗಳು ಹೆಚ್ಚಾಗಿ, ಒಂದಕ್ಕೊಂದು ಸಿಕ್ಕಿಕೊಂಡು, ಸರಿಯಲಾರದೆ ನಿಲ್ಲುತ್ತವೆ. ಸರಿಯದಿದ್ದರೆ ಲೋಹ ಗಡುಸು. ಸರಿಯಲು ಜಾಗವೇ ಉಳಿಯದಿದ್ದರೆ ಬಿರುಕು.

ಈ ದಾರಿಯ ಹದಕ್ಕೆ 'ಎಚ್' ಎಂಬ ಅಕ್ಷರ. ಕಾಯಿಸಿ ಪೂರ್ತಿ ಮೆದುಗೊಳಿಸಿದ್ದಕ್ಕೆ 'ಓ'. ಎಚ್‌ನ ನಂತರದ ಮೊದಲ ಅಂಕಿ ವಿಧಾನವನ್ನು ಹೇಳುತ್ತದೆ: 1 ಎಂದರೆ ಬರೀ ಒತ್ತಿದ್ದು, 2 ಎಂದರೆ ಹೆಚ್ಚು ಒತ್ತಿ ಸ್ವಲ್ಪ ಕಾಯಿಸಿದ್ದು, 3 ಎಂದರೆ ಒತ್ತಿದ ಮೇಲೆ ಮಂದವಾಗಿ ಕಾಯಿಸಿ ಸ್ಥಿರಗೊಳಿಸಿದ್ದು. ಮೆಗ್ನೀಸಿಯಂ ಬೆರೆತ ಶೀಟನ್ನು ಒತ್ತಿ ಹಾಗೆಯೇ ಬಿಟ್ಟರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಮೆದುವಾಗುತ್ತ ಹೋಗುತ್ತದೆ. ಅದನ್ನು ತಡೆಯಲು ಈ ಸ್ಥಿರಗೊಳಿಸುವ ಕೆಲಸ. 5052 ಹೆಚ್ಚಾಗಿ ಎಚ್32, ಎಚ್34 ಎಂದೇ ಸಿಗುವುದು ಅದಕ್ಕೆ. ಎರಡನೇ ಅಂಕಿ ಗಡಸಿನ ಮಟ್ಟ: 2 ಕಾಲು, 4 ಅರ್ಧ, 6 ಮುಕ್ಕಾಲು, 8 ಪೂರ್ಣ. ಅಂಗಡಿಯವರು 'ಹಾಫ್ ಹಾರ್ಡ್' ಎನ್ನುವುದು ಈ 4ಕ್ಕೆ.

ಲೆಕ್ಕದಲ್ಲಿ ನೋಡಿದರೆ 3003-ಓ ಶೀಟ್ ಸುಮಾರು 40 ಮೆಗಾಪಾಸ್ಕಲ್ ಸ್ಟ್ರೆಸ್‌ನಲ್ಲೇ ಶಾಶ್ವತವಾಗಿ ಬಾಗಲು ಶುರುಮಾಡುತ್ತದೆ, ಆದರೆ ಹರಿಯುವ ಮೊದಲು ಶೇಕಡಾ 30ರಷ್ಟು ಹಿಗ್ಗುತ್ತದೆ. ಅದೇ 3003-ಎಚ್14 ಸುಮಾರು 145 ಮೆಗಾಪಾಸ್ಕಲ್ ತಡೆಯುತ್ತದೆ, ಹಿಗ್ಗುವುದು ಶೇಕಡಾ 8 ಮಾತ್ರ. ಎಚ್18 ಆದರೆ 185 ಮತ್ತು 4. ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ. ಮದುವೆ ಮನೆಯ ಬಿರಿಯಾನಿ ದೇಗ್ಚಿಯಂಥ ಆಳದ ಪಾತ್ರೆಗಳನ್ನು ಪ್ರೆಸ್ಸಿನಲ್ಲಿ ಎಳೆಯುವವರು ಮೆದು ಹದದ ದುಂಡನೆಯ ಬಿಲ್ಲೆಗಳನ್ನು ಕೊಳ್ಳುವುದು ಇದೇ ಕಾರಣಕ್ಕೆ. ಗಡುಸು ಬಿಲ್ಲೆ ಕೊಂಡರೆ ಪಾತ್ರೆಯ ಅಂಚು ತಿರುಗುವ ಮೊದಲೇ ಸೀಳುತ್ತದೆ.

ಕುಲುಮೆಯಿಂದ ಬರುವ ಗಡಸುತನ

ಎರಡನೇ ದಾರಿ 2, 6 ಮತ್ತು 7ರ ಗುಂಪುಗಳದ್ದು. ಇದು ಪತ್ತೆಯಾದ ಕಥೆ ನನಗೆ ಬಹಳ ಇಷ್ಟ. ಜರ್ಮನಿಯ ಲೋಹವಿಜ್ಞಾನಿ ಆಲ್ಫ್ರೆಡ್ ವಿಲ್ಮ್ ಉಕ್ಕಿನಂತೆ ಅಲ್ಯೂಮಿನಿಯಂ ಅನ್ನೂ ಕಾಯಿಸಿ ನೀರಿಗೆ ಅದ್ದಿ ಗಡುಸು ಮಾಡಬಹುದೇ ಎಂದು ಹುಡುಕುತ್ತಿದ್ದರು. ತಾಮ್ರ ಮತ್ತು ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ತುಂಡನ್ನು ಕಾಯಿಸಿ ಅದ್ದಿದರು, ಅಳೆದರು. ನಿರೀಕ್ಷಿಸಿದಷ್ಟು ಗಡಸುತನ ಬಂದಿರಲಿಲ್ಲ. ಒಂದೆರಡು ದಿನ ಕಳೆದು ಅದೇ ತುಂಡನ್ನು ಮತ್ತೆ ಅಳೆದಾಗ ಗಡಸುತನ ತಾನಾಗಿಯೇ ಏರಿತ್ತು. ಇದು 1906ರ ಮಾತು. ಆ ಲೋಹ ಡ್ಯುರಾಲುಮಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಜೆಪ್ಪೆಲಿನ್ ಎಂಬ ದೈತ್ಯ ವಾಯುನೌಕೆಗಳ ಅಸ್ಥಿಪಂಜರವಾಯಿತು. ಆದರೆ ಸುಮ್ಮನೆ ಬಿದ್ದಿದ್ದ ಲೋಹ ಯಾಕೆ ಗಡುಸಾಯಿತು ಎಂಬುದಕ್ಕೆ ಕಣ್ಣಿಗೆ ಕಾಣುವ ಪುರಾವೆ ಸಿಕ್ಕಿದ್ದು 1938ರಲ್ಲಿ. ಫ್ರಾನ್ಸಿನ ಗಿನಿಯೆ ಮತ್ತು ಬ್ರಿಟನ್ನಿನ ಪ್ರೆಸ್ಟನ್ ಬೇರೆ ಬೇರೆಯಾಗಿ ಎಕ್ಸ್‌ರೇ ಹಾಯಿಸಿ, ಲೋಹದೊಳಗೆ ತಾಮ್ರದ ಪರಮಾಣುಗಳು ಸಣ್ಣ ಸಣ್ಣ ಗುಂಪಾಗಿರುವುದನ್ನು ಕಂಡರು.

ಕಾರಣ ನಿಮ್ಮ ದ್ರಾವಣಗಳ ಪಾಠದಲ್ಲೇ ಇದೆ. ಬಿಸಿ ಸುಲೈಮಾನಿ ಚಹಾಕ್ಕೆ ತಣ್ಣೀರಿಗಿಂತ ಹೆಚ್ಚು ಸಕ್ಕರೆ ಕರಗುತ್ತದೆ. ಘನ ಲೋಹದಲ್ಲೂ ಹಾಗೆಯೇ. 6061ರಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಇವೆ. ಸುಮಾರು 530 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಅಲ್ಯೂಮಿನಿಯಂನಲ್ಲಿ ಕರಗಿ ಹರಡಿಕೊಳ್ಳುತ್ತವೆ. ಥಟ್ಟನೆ ನೀರಿಗೆ ಹಾಕಿದರೆ ಹೊರಬರಲು ಸಮಯವಿಲ್ಲದೆ ಒಳಗೇ ಸಿಕ್ಕಿಬೀಳುತ್ತವೆ. ಈ ಕ್ಷಣದಲ್ಲಿ ಲೋಹ ಮೆದು. ಆಮೇಲೆ ದಿನಗಟ್ಟಲೆ ಸುಮ್ಮನೆ ಬಿಟ್ಟರೆ ಸ್ವಲ್ಪ ಸ್ವಲ್ಪವಾಗಿ ಗುಂಪು ಸೇರುತ್ತವೆ, ಅದು ಟಿ4. ಸುಮಾರು 175 ಡಿಗ್ರಿಯಲ್ಲಿ 8 ಗಂಟೆ ಇಟ್ಟರೆ ಚೆನ್ನಾಗಿ ಗುಂಪು ಸೇರುತ್ತವೆ, ಅದು ಟಿ6. ಈ ಗುಂಪುಗಳು ಜಮಖಾನದ ಮೇಲೆ ಅಲ್ಲಲ್ಲಿ ಇಟ್ಟ ಕಲ್ಲುಗಳಂತೆ ಸುಕ್ಕನ್ನು ತಡೆಯುತ್ತವೆ. ಇನ್ನೂ ಹೆಚ್ಚು ಹೊತ್ತು ಅಥವಾ ಹೆಚ್ಚು ಬಿಸಿಯಲ್ಲಿ ಇಟ್ಟರೆ ಸಣ್ಣ ಗುಂಪುಗಳು ಕೂಡಿ ದೊಡ್ಡವಾಗಿ, ಸಂಖ್ಯೆ ಕಡಿಮೆಯಾಗಿ, ಗಡಸುತನ ಮತ್ತೆ ಇಳಿಯುತ್ತದೆ.

6061ರ ಅಂಕಿಗಳು ಹೀಗಿವೆ. ಓ ಹದದಲ್ಲಿ ಬಾಗಲು ಶುರುವಾಗುವ ಸ್ಟ್ರೆಸ್ ಸುಮಾರು 55 ಮೆಗಾಪಾಸ್ಕಲ್, ಟಿ4ರಲ್ಲಿ 145, ಟಿ6ರಲ್ಲಿ 276. ಬೆರಕೆಯಲ್ಲಿ ಒಂದು ಕಣವೂ ಬದಲಾಗದೆ ಐದು ಪಟ್ಟು.

ಇದನ್ನು ಓದಿದ ಯಾರಿಗಾದರೂ 'ಹಾಗಾದರೆ ಟಿ6ನ್ನೇ ಕೊಳ್ಳೋಣ' ಎನ್ನಿಸುತ್ತದೆ. ನಮ್ಮ ತಂಡಕ್ಕೂ ಹಾಗೆಯೇ ಅನ್ನಿಸಿತು.

ಮೀನು ಒಣಗಿಸುವ ಪೆಟ್ಟಿಗೆ

ತಂಡದಲ್ಲಿದ್ದವರು ಏಳು ಮಂದಿ. ಹೆಚ್ಚಿನವರ ಮನೆಯಲ್ಲಿ ಮೀನಿನ ವ್ಯಾಪಾರದ ಪರಿಚಯ ಇದೆ. ಮಳೆ ಮೋಡ, ಧೂಳು, ನೊಣ, ಕಾಗೆ ಇವೆಲ್ಲದರಿಂದ ಒಣಮೀನು ಹಾಳಾಗುವುದನ್ನು ಕಂಡವರು. ಹಾಗಾಗಿ ಇದು ಬರೀ ಅಂಕಕ್ಕಾಗಿ ಮಾಡುವ ಮಾದರಿಯಾಗಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯ ಮನೆಯಂಗಳಕ್ಕೆ ಹೋಗಿ ಕೆಲಸ ಮಾಡಬೇಕಿದ್ದ ಪೆಟ್ಟಿಗೆ. ಹಣವನ್ನು ತಾವೇ ಸೇರಿಸಿ ಹಾಕಿದ್ದರು. 'ವಿಮಾನಕ್ಕೆ ಬಳಸುವಂಥ ಗಟ್ಟಿ ಶೀಟ್' ಎಂದು ಕೇಳಿ 16 ಗೇಜಿನ 6061-ಟಿ6 ತಂದರು. ತಂದ ಮೇಲೆ ನನಗೆ ತೋರಿಸಿದರು. ಮಡಚಲು ಫ್ಯಾಬ್ರಿಕೇಶನ್ ಅಂಗಡಿಗೆ ಹೊರಟಾಗ ನಾನೂ ಜೊತೆಗೆ ಹೋದೆ.

ಬೆಂಡಿಂಗ್ ಮೆಷಿನ್ ನಡೆಸುವ ಹಿರಿಯರು ಒಂದು ಅಂಚನ್ನು ಒತ್ತಿ, ಬೆಳಕಿಗೆ ಹಿಡಿದು ನೋಡಿದರು. ಮಡಿಕೆಯ ಹೊರಮೈಯ ಉದ್ದಕ್ಕೂ ಕೂದಲೆಳೆಯಂಥ ಗೆರೆಗಳು.

"ಕಾಕ, ಇನ್ನೊಮ್ಮೆ ನಿಧಾನಕ್ಕೆ ಒತ್ತಿ ನೋಡಿ" ಎಂದಳು ಒಬ್ಬಳು.

"ನಿಧಾನ ಒತ್ತಿದ್ರೂ ಅಷ್ಟೇ ಮಗಾ. ಇದು ಮಡಚುವ ಮಾಲಲ್ಲ. ಇವತ್ತು ಗೆರೆ, ನಾಳೆ ಗಾಳಿಗೆ ಅಲ್ಲಾಡಿ ಅಲ್ಲಾಡಿ ಎರಡು ತುಂಡು ಆಗ್ತದೆ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಬಾಗಿಸಿದಾಗ ಶೀಟಿನ ಹೊರಮೈ ಎಷ್ಟು ಹಿಗ್ಗಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಶೀಟಿನ ದಪ್ಪ ಟಿ, ಮಡಿಕೆಯ ಒಳಗಿನ ತ್ರಿಜ್ಯ ಆರ್ ಎಂದಿಟ್ಟುಕೊಳ್ಳಿ. ದಪ್ಪದ ನಡುವಿನ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಭಾವಿಸಿದರೆ, ಹೊರಮೈಯ ಹಿಗ್ಗು ಟಿಯನ್ನು (2ಆರ್ + ಟಿ)ಯಿಂದ ಭಾಗಿಸಿದಷ್ಟು. ಒಳತ್ರಿಜ್ಯ ದಪ್ಪದಷ್ಟೇ ಇದ್ದರೆ ಹಿಗ್ಗು ಮೂರನೇ ಒಂದು ಭಾಗ, ಅಂದರೆ ಶೇಕಡಾ 33. ಒಳತ್ರಿಜ್ಯ ದಪ್ಪದ ಮೂರು ಪಟ್ಟಾದರೆ ಏಳನೇ ಒಂದು ಭಾಗ, ಸುಮಾರು ಶೇಕಡಾ 14. ಟಿ6 ಶೀಟನ್ನು ಎಳೆದು ನೋಡಿದರೆ ಹರಿಯುವ ಮೊದಲು ಹಿಗ್ಗುವುದು ಸುಮಾರು ಶೇಕಡಾ 12. ಚೂಪಾದ ಮೂಲೆಯಲ್ಲಿ ಬಿರುಕು ಬಿಡದೆ ಇನ್ನೇನು ಮಾಡೀತು?

ಇಲ್ಲಿ ಜಾಣ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು, ಕೇಳಿದನೂ ಕೂಡ. ಪುಸ್ತಕದ ಪಟ್ಟಿಯಲ್ಲಿ 5052-ಎಚ್32ರ ಹಿಗ್ಗೂ ಶೇಕಡಾ 12 ಎಂದೇ ಇದೆ. ಆದರೂ ಅದು ದಪ್ಪದಷ್ಟೇ ತ್ರಿಜ್ಯಕ್ಕೆ ಸಲೀಸಾಗಿ ಮಡಚಿಕೊಳ್ಳುತ್ತದೆ, ಯಾಕೆ? ಪಟ್ಟಿಯ ಆ ಅಂಕಿ ಸಾಮಾನ್ಯವಾಗಿ 50 ಮಿಲಿಮೀಟರ್ ಉದ್ದದ ಮೇಲಿನ ಸರಾಸರಿ. ಮಡಿಕೆಯಲ್ಲಿ ಹಿಗ್ಗುವುದು ಒಂದೆರಡು ಮಿಲಿಮೀಟರ್ ಜಾಗ ಮಾತ್ರ. ಒಂದು ಜಾಗದಲ್ಲಿ ಎಷ್ಟು ಹಿಗ್ಗಬಲ್ಲದು ಎಂಬುದು ಲೋಹದಿಂದ ಲೋಹಕ್ಕೆ ಬೇರೆ, ಸರಾಸರಿಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಹಿಗ್ಗಿನ ಅಂಕಿ ಅಂದಾಜಿಗೆ ಮಾತ್ರ. ಮಡಚುವ ಕೆಲಸವಿದ್ದರೆ ಮಡಿಕೆಯ ಕನಿಷ್ಠ ತ್ರಿಜ್ಯದ ಪಟ್ಟಿಯನ್ನೇ ನೋಡಬೇಕು, ಇಲ್ಲವೇ ತುಂಡೊಂದನ್ನು ಮಡಚಿ ನೋಡಬೇಕು. ನಾನು ಎರಡನೆಯದನ್ನೇ ಹೆಚ್ಚು ನಂಬುತ್ತೇನೆ.

ಮಾರನೆಯ ದಿನ ಪೆಟ್ಟಿಗೆಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಪ್ರತಿ ಭಾಗಕ್ಕೂ ಎರಡೇ ಪ್ರಶ್ನೆ ಹಾಕಿಕೊಂಡೆವು: ಇದನ್ನು ಮಾಡುವಾಗ ಲೋಹಕ್ಕೆ ನಾವು ಏನು ಮಾಡುತ್ತೇವೆ? ಮಾಡಿದ ಮೇಲೆ ಲೋಹ ನಮಗೆ ಏನು ಮಾಡಬೇಕು? ಹದ ಆರಿಸುವಾಗ ಮೊದಲ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಬಹಳ ಜನ ಎರಡನೆಯದರಿಂದ ಶುರುಮಾಡುತ್ತಾರೆ.

ಪೆಟ್ಟಿಗೆಯ ಗೋಡೆಗಳಿಗೆ ನಾಲ್ಕೂ ಕಡೆ ಮಡಿಕೆ, ಕೈ ಕೊಯ್ಯದಂತೆ ಅಂಚು ತಿರುಗಿಸುವ ಕೆಲಸ. ಹೊರುವ ಭಾರ ಕಡಿಮೆ. ಆದರೆ ಕಡಲ ದಂಡೆಯ ಉಪ್ಪು ಗಾಳಿ ವರ್ಷವಿಡೀ. ಇದಕ್ಕೆ 5052-ಎಚ್32. ಮೆಗ್ನೀಸಿಯಂ ಬೆರೆತ 5ರ ಗುಂಪು ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಅಲ್ಯೂಮಿನಿಯಂ ದೋಣಿಗಳ ಹೊರಮೈಗೆ ಬಳಸುವ 5083 ಕೂಡ ಇದೇ ಮನೆತನದ್ದು. ಇನ್ನೂ ಗಡುಸಾದ ಎಚ್34 ಸಿಗುತ್ತಿತ್ತು, ಬೇಡವೆಂದೆವು. ತಿರುಗಿಸಿದ ಅಂಚು ಬಿರುಕು ಬಿಟ್ಟರೆ ಹೆಚ್ಚಿನ ಬಲ ಯಾರಿಗೆ ಬೇಕು?

ಒಳಗಿನ ತಳದಲ್ಲಿ, ಬಿಸಿಲನ್ನು ಹೀರುವ ಕಪ್ಪು ಬಳಿದ ತಗಡಿಗೆ ಮರದ ಸುತ್ತಿಗೆಯಿಂದ ಬಡಿದು ಉಬ್ಬುತಗ್ಗು ಮಾಡಬೇಕಿತ್ತು. ಅದಕ್ಕೆ 1100-ಓ, ಅತಿ ಮೆದು. ಅದು ಯಾವ ಭಾರವನ್ನೂ ಹೊರುವುದಿಲ್ಲ, ಬಿಸಿಯಾಗಬೇಕು ಅಷ್ಟೇ. ಮೆದು ಹದವೆಂದರೆ ಅಗ್ಗದ ಮಾಲು, ಕಳಪೆ ಮಾಲು ಎಂಬ ಭಾವನೆ ನಿಮ್ಮಲ್ಲಿದ್ದರೆ ಬಿಟ್ಟುಬಿಡಿ. ಬಡಿಯುವಾಗ ಈ ತಗಡೂ ಗಡುಸಾಗುತ್ತ ಹೋಗುತ್ತದೆ ಎಂಬುದು ಸುತ್ತಿಗೆ ಹಿಡಿದವರ ಕೈಗೆ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಪುಸ್ತಕದ ಮಾತು ಅಂಗೈಗೆ ತಾಗಿದ್ದು ಹಾಗೆ.

ಬಿಸಿಲನ್ನು ಒಳಕ್ಕೆ ತಿರುಗಿಸುವ ಮುಚ್ಚಳದ ಕನ್ನಡಿ ಶೀಟಿಗೆ ಮಡಿಕೆ ಇಲ್ಲ. ಅದು ಚಪ್ಪಟೆಯಾಗಿ ಉಳಿಯಬೇಕು, ಬೆರಳು ತಾಗಿದರೆ ತಗ್ಗು ಬೀಳಬಾರದು. ಅದಕ್ಕೆ 1ರ ಗುಂಪಿನ ಪೂರ್ಣ ಗಡುಸು ಎಚ್18. ಮುಚ್ಚಳವನ್ನು ಎತ್ತಿ ಹಿಡಿಯುವ ಎರಡು ತೋಳುಗಳಿಗೆ ರಂಧ್ರ ಕೊರೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದರೆ ಗಾಳಿ ಬೀಸಿದಾಗ ಎಲ್ಲ ಬಲವೂ ಅವುಗಳ ಮೇಲೆ. ಮೊದಲು ತಂದಿದ್ದ 6061-ಟಿ6ಕ್ಕೆ ಇಲ್ಲಿ ತಕ್ಕ ಜಾಗ ಸಿಕ್ಕಿತು. ಟಿ6 ಕೊರೆಯಲೂ ಚಂದ, ಚೂರು ಚೂರಾಗಿ ಉದುರುತ್ತದೆ. ಓ ಹದದ ಅಲ್ಯೂಮಿನಿಯಂ ಡ್ರಿಲ್ ಬಿಟ್ಟಿಗೆ ಬೆಲ್ಲದ ಪಾಕದಂತೆ ಮೆತ್ತಿಕೊಳ್ಳುತ್ತದೆ.

ಮೀನು ಇಡುವ ತಟ್ಟೆಗೆ ಮಾತ್ರ ಅಲ್ಯೂಮಿನಿಯಂ ಬಳಸಲಿಲ್ಲ. ಉಪ್ಪು ಹಾಕಿದ ಮೀನಿನ ನೀರು ನಿಂತರೆ ಯಾವ ಹದದ ಅಲ್ಯೂಮಿನಿಯಂ ಆದರೂ ತೂತು ಬೀಳುತ್ತದೆ. ಮರದ ಚೌಕಟ್ಟಿಗೆ ನೈಲಾನ್ ಬಲೆ ಕಟ್ಟಿದರು.

'ವಿಮಾನದ ಶೀಟ್' ಎಂಬ ಮಾತಿನ ಬಗ್ಗೆ ಒಂದು ಮಾತು. ವಿಮಾನದ ಹೊದಿಕೆಗೆ ಹೆಸರಾದದ್ದು ತಾಮ್ರ ಬೆರೆತ 2024-ಟಿ3. ಬಲ ಬಹಳ, ಆದರೆ ತಾಮ್ರದಿಂದಾಗಿ ಉಪ್ಪು ಗಾಳಿಗೆ ಬೇಗ ಸೋಲುತ್ತದೆ. ಅದಕ್ಕಾಗಿಯೇ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸಿ ಬಳಸುವ ರೂಢಿ ಬಂತು. ಅದರ ರಿವೆಟ್‌ಗಳನ್ನು ನೀರಿಗೆ ಅದ್ದಿದ ಕೂಡಲೇ ಫ್ರೀಜರಿನಲ್ಲಿ ಇಡುತ್ತಾರೆ. ತಣ್ಣಗಿದ್ದರೆ ಗುಂಪು ಸೇರುವ ಕೆಲಸ ನಿಧಾನ, ರಿವೆಟ್ ಮೆದುವಾಗಿಯೇ ಇರುತ್ತದೆ. ಹೊರತೆಗೆದು ಬಡಿದ ಮೇಲೆ ತಾನಾಗಿ ಗಡುಸಾಗುತ್ತದೆ. ವಿಲ್ಮ್ ಕಂಡ ವಿಚಿತ್ರವನ್ನು ಹೀಗೆ ದಿನನಿತ್ಯದ ಕೆಲಸಕ್ಕೆ ಬಗ್ಗಿಸಿಕೊಂಡಿದ್ದಾರೆ.

ಹದದಿಂದ ಸಿಗದ ಒಂದು ಗುಣ

ಪೆಟ್ಟಿಗೆ ಸಿದ್ಧವಾಗುತ್ತಿದ್ದಾಗ ಮುಚ್ಚಳದ ಶೀಟ್ ಗಾಳಿಗೆ ಪಟಪಟ ಅಲುಗಾಡುತ್ತಿತ್ತು. 'ಸರ್, ಇನ್ನೂ ಗಡುಸಾದ ಹದ ತರೋಣವೇ?' ಎಂದು ಕೇಳಿದರು. ಬೇಡ, ಅದರಿಂದ ಪ್ರಯೋಜನವಿಲ್ಲ. ಇಡೀ ಪಾಠದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದೇ, ಇಂಜಿನಿಯರಿಂಗ್ ಓದುವವರೂ ಎಡವುತ್ತಾರೆ.

ಬಲ ಬೇರೆ, ಬಿಗಿತ ಬೇರೆ. ಎಷ್ಟು ಹೊರೆಯವರೆಗೆ ಬಾಗಿದ್ದು ಮರಳಿ ನೆಟ್ಟಗಾಗುತ್ತದೆ ಎಂಬುದು ಬಲ. ಹದ ಬದಲಾದರೆ ಅದು ಬದಲಾಗುತ್ತದೆ. ಒಂದು ನಿರ್ದಿಷ್ಟ ಹೊರೆಗೆ ಎಷ್ಟು ಬಾಗುತ್ತದೆ ಎಂಬುದು ಬಿಗಿತ. ಲೋಹದ ಕಡೆಯಿಂದ ಅದನ್ನು ನಿರ್ಧರಿಸುವುದು ಯಂಗ್ಸ್ ಮಾಡ್ಯುಲಸ್. ಅಲ್ಯೂಮಿನಿಯಂನಲ್ಲಿ ಅದು ಓ ಆದರೂ ಟಿ6 ಆದರೂ ಸುಮಾರು 70 ಗಿಗಾಪಾಸ್ಕಲ್. ಸ್ಟ್ರೆಸ್-ಸ್ಟ್ರೇನ್ ರೇಖೆಯ ಮೊದಲ ನೇರ ಭಾಗದ ಓರೆ ಎಲ್ಲ ಹದಗಳಿಗೂ ಒಂದೇ. ಆ ನೇರ ಭಾಗ ಎಲ್ಲಿ ಮುಗಿಯುತ್ತದೆ ಎಂಬುದಷ್ಟೇ ಬೇರೆ. ಮಾಡ್ಯುಲಸ್ ಪರಮಾಣುಗಳ ನಡುವಿನ ಬಂಧದಿಂದ ಬರುವ ಗುಣ. ಸುಕ್ಕುಗಳನ್ನು ತಡೆದ ಮಾತ್ರಕ್ಕೆ ಬಂಧ ಬಿಗಿಯಾಗುವುದಿಲ್ಲ.

ಬಿಗಿತ ಬೇಕಿದ್ದರೆ ದಪ್ಪ ಹೆಚ್ಚಿಸಬೇಕು, ಅಥವಾ ಆಕಾರ ಬದಲಿಸಬೇಕು. ಚಪ್ಪಟೆ ಶೀಟಿನ ಬಿಗಿತ ದಪ್ಪದ ಘನಕ್ಕೆ ಅನುಗುಣ. 20 ಗೇಜ್ ಎಂದರೆ 0.91 ಮಿಲಿಮೀಟರ್, 18 ಗೇಜ್ ಎಂದರೆ 1.22 ಮಿಲಿಮೀಟರ್. ತೂಕ ಹೆಚ್ಚುವುದು ಮೂರನೇ ಒಂದು ಭಾಗ, ಬಿಗಿತ ಹೆಚ್ಚುವುದು ಸುಮಾರು 2.4 ಪಟ್ಟು. ಆಕಾರದ ಮಹಿಮೆ ಇನ್ನೂ ದೊಡ್ಡದು. ಒಂದು ಎ4 ಹಾಳೆಯನ್ನು ತುದಿಯಲ್ಲಿ ಹಿಡಿದರೆ ಜೋತು ಬೀಳುತ್ತದೆ. ಉದ್ದಕ್ಕೆ ಒಂದು ಮಡಿಕೆ ಮಾಡಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ನಮ್ಮ ಮುಚ್ಚಳದ ಹಿಂಬದಿಗೆ ಎರಡು ಅಲ್ಯೂಮಿನಿಯಂ ಆ್ಯಂಗಲ್ ರಿವೆಟ್ ಮಾಡಿದ ಮೇಲೆ ಪಟಪಟ ನಿಂತಿತು.

ಆದರೆ ಮಾಡ್ಯುಲಸ್ ಒಂದೇ ಆಗಿರುವುದರಿಂದ ಮಡಚುವವರಿಗೆ ಒಂದು ತೊಂದರೆಯೂ ಇದೆ. ಕೈಬಿಟ್ಟ ಕೂಡಲೇ ಶೀಟ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆಯಲ್ಲ, ಅದು ಬಾಗಲು ಶುರುವಾಗುವ ಸ್ಟ್ರೆಸ್ ಅನ್ನು ಮಾಡ್ಯುಲಸ್‌ನಿಂದ ಭಾಗಿಸಿದ ಸ್ಟ್ರೇನ್‌ಗೆ ಅನುಗುಣ. 6061-ಓದಲ್ಲಿ ಅದು ಶೇಕಡಾ 0.08, ಟಿ6ರಲ್ಲಿ ಶೇಕಡಾ 0.4. ಆದ್ದರಿಂದ ಗಡುಸು ಶೀಟಿನಲ್ಲಿ 90 ಡಿಗ್ರಿ ಬೇಕಿದ್ದರೆ ಇನ್ನೂ ಕೆಲವು ಡಿಗ್ರಿ ಮುಂದಕ್ಕೆ ಒತ್ತಬೇಕಾಗುತ್ತದೆ. ಎಷ್ಟು ಎಂಬುದು ಮೆಷಿನ್ ನಡೆಸುವವರ ಕೈಗೇ ಗೊತ್ತು.

ಬೆಂಕಿ ತೋರಿಸುವ ಮೊದಲು

'ಕಾಯಿಸಿ ಮಡಚಿದರೆ ಆಗದೇ?' ಆಗುತ್ತದೆ, ಆದರೆ ಹದ ಹೋಗುತ್ತದೆ. ಎಚ್ ಹದದ ಶೀಟನ್ನು 350ರಿಂದ 400 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅದು ಓ ಆಗುತ್ತದೆ. ಟಿ6ನ್ನು ಹಾಗೆ ಕಾಯಿಸಿದರೆ ಅದರ ಗಡಸುತನ ಬಹುಪಾಲು ಹೋಗುತ್ತದೆ. ಮತ್ತೆ ಟಿ6 ಮಾಡಬೇಕೆಂದರೆ 530 ಡಿಗ್ರಿಯ ಕುಲುಮೆ, ನೀರು, ಆಮೇಲೆ ಎಂಟು ಗಂಟೆಯ ಓವನ್ ಬೇಕು. ವೆಲ್ಡಿಂಗ್‌ನಲ್ಲೂ ಇದೇ ಕಥೆ: ಬೆಸುಗೆಯ ಅಕ್ಕಪಕ್ಕದ ಟಿ6 ಮೆದುವಾಗಿರುತ್ತದೆ, ಮುರಿಯುವುದಾದರೆ ಅಲ್ಲೇ ಮುರಿಯುತ್ತದೆ. ಟಿ6 ಭಾಗಗಳನ್ನು ಜೋಡಿಸಲು ನಾವು ಬೋಲ್ಟ್ ಬಳಸಿದ್ದು ಇದಕ್ಕೇ.

ಇನ್ನೊಂದು ಅಪಾಯ: ಕಬ್ಬಿಣದಂತೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವುದಿಲ್ಲ. ಬಣ್ಣ ಬದಲಾಗದೆ ಹೋಗಿ, ಶುದ್ಧ ಲೋಹವಾದರೆ 660 ಡಿಗ್ರಿಯಲ್ಲಿ, ಮಿಶ್ರಲೋಹವಾದರೆ ಅದಕ್ಕೂ ಮೊದಲೇ ಕರಗಿ ಬೀಳುತ್ತದೆ. ಹಳೆಯ ತಗಡು ಕೆಲಸಗಾರರು ಶೀಟಿಗೆ ಸಾಬೂನು ಉಜ್ಜಿ ಕಾಯಿಸುತ್ತಾರೆ. ಸಾಬೂನು ಕಡು ಕಂದು, ಕಪ್ಪಾದ ಕೂಡಲೇ ಬೆಂಕಿ ತೆಗೆಯುತ್ತಾರೆ. ಇದನ್ನು ನೀವಾಗಿ ಮಾಡಲು ಹೋಗಬೇಡಿ, ಲ್ಯಾಬಿನಲ್ಲಿ ನಾವಿರುವಾಗ ನೋಡೋಣ.

ಮಡಿಕೆಯೂ ಬೇಕು, ಬಲವೂ ಬೇಕು ಎನ್ನುವ ಸಣ್ಣ ಭಾಗಗಳಿಗೆ ಒಂದು ಚಂದದ ದಾರಿ ಇದೆ. 6061-ಟಿ4 ತಂದು, ಮೆದು ಇರುವಾಗ ಮಡಚಿ, ಆಮೇಲೆ 175 ಡಿಗ್ರಿಯಲ್ಲಿ 8 ಗಂಟೆ ಬೇಯಿಸಿದರೆ ಟಿ6ರ ಬಲ ಬರುತ್ತದೆ. ಕುಂಬಾರ ಹಸಿ ಮಣ್ಣಿಗೆ ಆಕಾರ ಕೊಟ್ಟು ಆಮೇಲೆ ಸುಡುವುದಿಲ್ಲವೇ, ಹಾಗೆ. ಕಾರುಗಳ ಅಲ್ಯೂಮಿನಿಯಂ ಬಾನೆಟ್‌ಗಳನ್ನು ಟಿ4ರಲ್ಲಿ ಒತ್ತಿ, ಬಣ್ಣ ಒಣಗಿಸುವ ಓವನ್ನಿನ ಬಿಸಿಯಲ್ಲೇ ಗಡುಸು ಮಾಡಿಕೊಳ್ಳುತ್ತಾರೆ. ಈ ಬಿಸಿ ನಮ್ಮ ರಸಾಯನಶಾಸ್ತ್ರ ಲ್ಯಾಬಿನ ಹಾಟ್ ಏರ್ ಓವನ್ನಿಗೂ ಸಾಧ್ಯ.

ಅಂಗಡಿಯಲ್ಲಿ

ಬಿಲ್ಲಿನಲ್ಲಿ ನಂಬರಿನ ಜೊತೆ ಹದವನ್ನೂ ಬರೆಸಿಕೊಳ್ಳಿ. ಮೂಲ ಶೀಟಿನ ಮೈಮೇಲೆ ಸಾಲುಸಾಲಾಗಿ ಅಚ್ಚು ಇದ್ದರೆ ಓದಿ. ತುಂಡು ಕೊಳ್ಳುವಾಗ ಅಚ್ಚಿರುವ ಭಾಗವನ್ನೇ ಕೇಳಿ. ಹಳೆಯ ಮಾಲಿನಲ್ಲಿ, ಹಳೆಯ ವ್ಯಾಪಾರಿಗಳ ಮಾತಿನಲ್ಲಿ ಎಚ್‌ಇ-30 ಎಂಬ ಹೆಸರು ಬರುತ್ತದೆ, ಅದು 6082. ಆ ಪದ್ಧತಿಯಲ್ಲಿ ಡಬ್ಲ್ಯುಪಿ ಎಂದರೆ ಟಿ6, ಡಬ್ಲ್ಯು ಎಂದರೆ ಟಿ4. ಇಂದಿನ ಪದ್ಧತಿಯಲ್ಲಿ ಡಬ್ಲ್ಯು ಎಂದರೆ ನೀರಿಗೆ ಅದ್ದಿ ಇನ್ನೂ ಬದಲಾಗುತ್ತಲೇ ಇರುವ ಸ್ಥಿತಿ. ಎರಡನ್ನೂ ಬೆರೆಸಿಕೊಳ್ಳಬೇಡಿ.

ಶೀಟಿನ ಮೈಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಉರುಳೆಯ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಕಾಣುತ್ತವೆ. ಮಡಿಕೆಯ ಗೆರೆ ಆ ಗೀರುಗಳಿಗೆ ಅಡ್ಡವಾಗಿ ಬರುವಂತೆ ಕತ್ತರಿಸಿ. ಗೀರಿನ ಉದ್ದಕ್ಕೇ ಮಡಚಿದರೆ ಅದೇ ಶೀಟ್, ಅದೇ ಹದ, ಬೇಗ ಬಿರುಕು ಬಿಡುತ್ತದೆ.

ಪೆಟ್ಟಿಗೆಯಿಂದ ಉಳಿದ ತುಂಡುಗಳನ್ನು ಭೌತಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿ ಹೆಸರು ಬರೆದು ಇಟ್ಟಿದ್ದೇನೆ: 1100-ಓ, 5052-ಎಚ್32, 6061-ಟಿ6. ಪ್ರತಿಯೊಂದರಿಂದಲೂ 20 ಮಿಲಿಮೀಟರ್ ಅಗಲದ ಎರಡೆರಡು ಪಟ್ಟಿ ಕತ್ತರಿಸಿ, ಒಂದನ್ನು ಗೀರಿನ ಉದ್ದಕ್ಕೆ, ಒಂದನ್ನು ಗೀರಿಗೆ ಅಡ್ಡಕ್ಕೆ. 10, 6 ಮತ್ತು 3 ಮಿಲಿಮೀಟರ್ ವ್ಯಾಸದ ಸರಳುಗಳ ಸುತ್ತ ಒಂದೊಂದಾಗಿ 90 ಡಿಗ್ರಿಗೆ ಬಗ್ಗಿಸಿ ಬಿಡಿ. ಕೋನಮಾಪಕದಿಂದ ಎಷ್ಟು ಹಿಂದಕ್ಕೆ ಚಿಮ್ಮಿತು ಎಂದು ಅಳೆದು, ಹೊರಮೈಯನ್ನು ಲೆನ್ಸಿನಲ್ಲಿ ನೋಡಿ ಬಿರುಕು ಇದೆಯೋ ಇಲ್ಲವೋ ಬರೆದುಕೊಳ್ಳಿ. ಪ್ರತಿ ಪಟ್ಟಿಯ ದಪ್ಪವನ್ನು ಸ್ಕ್ರೂ ಗೇಜಿನಿಂದ ಅಳೆಯುವುದನ್ನು ಮರೆಯಬೇಡಿ. ಹೊರಮೈಯ ಹಿಗ್ಗಿನ ಲೆಕ್ಕಕ್ಕೆ ಅದು ಬೇಕು.